ಅಕ್ಕನ ಉಸಿರು ಮುಗಿಯುವ ಜಾಗ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ತಾಯಿ ಮಗಳ ನಡುವೆ ವರ್ಷಗಟ್ಟಲೆ ಸುದ್ದಿ ಹೊತ್ತು ಓಡಾಡಿದವಳಿಗೆ ಕೋಪ ಇನ್ನೆಲ್ಲಿರಬೇಕು, ಹಿಮ್ಮಡಿಯಲ್ಲೇ? ಈ ಕಡೆಯಿಂದ "ಅಮ್ಮಂಗೆ ನೀನೇ ಹೇಳು ಚಿಕ್ಕಮ್ಮ", ಆ ಕಡೆಯಿಂದ "ಅವಳಿಗೆ ನೀನೇ ಹೇಳೇ". ದೇವರು ನನಗೆ ಬಾಯಿ ಕೊಟ್ಟಿರುವುದೇ ತಮ್ಮಿಬ್ಬರ ಮಾತು ಸಾಗಿಸುವುದಕ್ಕೆ ಎಂದು ಇಬ್ಬರೂ ತಿಳಿದಿದ್ದರು.

ತಾಯಿ ಎಂದರೆ ನನ್ನ ಅಕ್ಕ. ಶಾಸ್ತ್ರೀಯ ಸಂಗೀತ ಕೇಳುವವರಿಗೆ 'ಒಂದೇ ಉಸಿರಿನ ಗಾಯಕಿ' ಎಂದರೆ ಸಾಕು, ಗೊತ್ತಾಗುತ್ತದೆ. ಮೇಲಿನ ಸ್ಥಾಯಿಯಲ್ಲಿ ಅವಳೊಂದು ಸ್ವರ ಹಿಡಿದು ನಿಂತರೆ ಕೇಳುವವರ ಉಸಿರು ಕಟ್ಟುತ್ತದೆ, ಅವಳದ್ದು ಕಟ್ಟುವುದಿಲ್ಲ ಎಂದು ಪತ್ರಿಕೆಯವರು ಬರೆಯುತ್ತಿದ್ದರು. ಮಗಳು ಎಂದರೆ ಪಾಪು. ಮೂವತ್ತು ದಾಟಿದ್ದಾಳೆ, ಕಿವಿಯ ಹತ್ತಿರ ಬಿಳಿ ಕೂದಲು ಇಣುಕುತ್ತಿದೆ, ಆದರೂ ನಮ್ಮ ಬಾಯಲ್ಲಿ ಪಾಪುವೇ. ನಾನು ಅಕ್ಕನ ಪಕ್ಕದಲ್ಲಿ ಕುಳಿತು ಅವಳ ದನಿಗೆ ದನಿ ಸೇರಿಸಿದವಳು. ಹಳೆಯ ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ಅಕ್ಕನ ಭುಜದ ಹಿಂದೆ ಒಂದು ಕಿವಿ ಕಾಣುತ್ತದಲ್ಲ, ಅದು ನನ್ನದು.

ಪಾಪುವಿಗೆ ಸರಿಯಾಗಿ ಮಾತು ಬರುವ ಮೊದಲೇ ಅಕ್ಕ ಹಾಡು ಹೇಳಿಕೊಡಲು ಶುರು ಮಾಡಿದ್ದಳು. ಹುಡುಗಿಗೆ ಒಳ್ಳೆಯ ಕಂಠವಿತ್ತು. ಕಾಲೇಜು ಮುಗಿಯುತ್ತಿದ್ದ ಹಾಗೆ ಅವಳು ಒಂದು ದಿನ ಊಟಕ್ಕೆ ಕುಳಿತವಳೇ, ಇನ್ನು ಹಾಡುವುದಿಲ್ಲ, ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತೇನೆ ಎಂದಳು. "ಗುಂಡಿ ಒತ್ತೋದೇ ಸಂಗೀತ ಆದ್ರೆ ಲಿಫ್ಟ್‌ನಲ್ಲಿ ಹೋಗೋರೆಲ್ಲ ವಿದ್ವಾಂಸರೇ!" ಎಂದಳು ಅಕ್ಕ. ಅಲ್ಲಿಗೆ ಮುಗಿಯಿತು. ಅಂದಿನಿಂದ ತಾಯಿ ಮಗಳು ಜ್ವರ, ನೆಗಡಿ, ಮನೆಯ ನಲ್ಲಿ ಸೋರುವುದು, ಎಲ್ಲ ಮಾತಾಡುತ್ತಾರೆ; ಸಂಗೀತದ ಸುದ್ದಿ ಬಂದರೆ ಇಬ್ಬರೂ ಗೋಡೆ ನೋಡುತ್ತಾರೆ, ಅದನ್ನು ಹೊರುವುದು ನನ್ನ ಪಾಲು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನುತ್ತಾರಲ್ಲ, ಹಠದ ಮಟ್ಟಿಗೆ ಇಬ್ಬರದ್ದೂ ಒಂದೇ ನೂಲು.

ಕೆಲವು ವರ್ಷಗಳ ಹಿಂದೆ ಅಕ್ಕನ ಗಂಟಲು ಕೈಕೊಟ್ಟಿತು. ಡಾಕ್ಟರು ಬಾಯೊಳಗೆ ಲೈಟು ಬಿಟ್ಟು ನೋಡಿ, ವಯಸ್ಸು ಎಂದರು. ಅವತ್ತು ಮನೆಗೆ ಬಂದವಳೇ ರೇಡಿಯೋದ ಪ್ಲಗ್ಗು ಕಿತ್ತಳು. ಆಮೇಲೆ ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಬೇರೆ ಸ್ವರವೇ ಇಲ್ಲ. ಅವಳು ಹಾಡದಿದ್ದ ಮೇಲೆ ನನಗೇನು ಕೆಲಸ? ನಾನೂ ಬಾಯಿ ಮುಚ್ಚಿಕೊಂಡೆ.

ಹೀಗಿರುವಾಗ ನಗರದ ಹಳೆಯ ಸಂಗೀತ ಸಭಾಂಗಣವನ್ನು ರಿಪೇರಿ ಮಾಡಿಸಿ ಮತ್ತೆ ತೆರೆಯುತ್ತಾರೆ ಎಂದಾಯಿತು. ತೆರೆಯುವ ದಿನಕ್ಕೆ ಅವರು ಹೊಸದೊಂದು ಯೋಚನೆ ಮಾಡಿದ್ದರು. ಅದೇ ಸಭಾಂಗಣದಲ್ಲಿ ಹಿಂದೆ ರೆಕಾರ್ಡ್ ಆಗಿದ್ದ ಶಾಸ್ತ್ರೀಯ ಕಛೇರಿಗಳನ್ನು ಪಾಪುವಿನಂಥ ಕಂಪ್ಯೂಟರ್ ಸಂಗೀತದವರಿಗೆ ಕೊಡುವುದು, ಅವರು ಅದನ್ನು ಬಿಚ್ಚಿ, ಬೀಟು ಬೇಸು ಸೇರಿಸಿ ಹೊಸದಾಗಿ ಕಟ್ಟುವುದು, ಅಲ್ಲೇ ಜನರಿಗೆ ಕೇಳಿಸುವುದು. ಪಾಪು ಆರಿಸಿಕೊಂಡದ್ದು ಅವಳಮ್ಮನ ಕಛೇರಿಯನ್ನು. ಸಭಾಂಗಣದವರದ್ದು ಒಂದೇ ಷರತ್ತು: ಹಾಡಿದವರು ಬದುಕಿದ್ದರೆ, ಅವರು ಕೇಳಿ ಹೂಂ ಅನ್ನಬೇಕು.

"ಬೇರೆ ಯಾರದ್ದಾದ್ರೂ ತಗೋಬಾರ್ದಿತ್ತೇನೇ?" ಎಂದೆ. "ಸತ್ತೋರು ಬೇಕಾದಷ್ಟು ಜನ ಇದ್ದಾರೆ. ಅವರೇನು ಎದ್ದು ಬಂದು ಬೇಡ ಅಂತಾರಾ?"

"ಅಮ್ಮನ ದನಿ ಆ ಹಾಲ್‌ನಲ್ಲಿ ಇನ್ನೊಂದ್ಸಲ ಕೇಳ್ಬೇಕು ಚಿಕ್ಕಮ್ಮ. ಅಮ್ಮನೂ ಅಲ್ಲಿ ಕೂತಿರ್ಬೇಕು. ನಾನು ಮಾಡಿರೋದನ್ನ ಪೂರ್ತಿ ಕೇಳಿ ಒಂದು ಹೂಂ ಅಂದ್ರೆ ಸಾಕು. ಚೆನ್ನಾಗಿದೆ ಅನ್ನೋದೂ ಬೇಡ."

ಅವಳ ಕಣ್ಣು ತುಂಬಿತ್ತು. "ಕೊಡಿಸ್ತೀನಿ, ಅಳ್ಬೇಡ," ಎಂದುಬಿಟ್ಟೆ. ಕೊಡಿಸುವುದಕ್ಕೆ ಅದೇನು ಅಂಗಡಿಯ ಬಿಸ್ಕತ್ತೇ? ಆಡಿದ ಮೇಲೆ ಆಯಿತು, ಮಾಡಲೇಬೇಕು.

ಕನ್ನಡಕದ ಅಂಗಡಿಗೆ ಹೋಗೋಣ ಎಂದು ಹೇಳಿ ಅಕ್ಕನನ್ನು ಹೊರಡಿಸಿದೆ. ಪಾಪುವಿನ ಸ್ಟುಡಿಯೋ ಇರುವುದು ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಆಟೋ ಅಲ್ಲಿ ನಿಂತಾಗ ಅಕ್ಕ ಇಳಿದು, ಸಾಲಾಗಿ ಜೋಡಿಸಿದ ಟೈರುಗಳನ್ನು ನೋಡಿ, ನನ್ನ ಕಡೆ ತಿರುಗಿದಳು.

"ಇಲ್ಲಿ ಕನ್ನಡಕಕ್ಕೆ ಟೈರ್ ಹಾಕ್ತಾರಾ?"

ನಾನು ಆಟೋದವನಿಗೆ ಕೊಡಲು ಚಿಲ್ಲರೆ ಹುಡುಕತೊಡಗಿದೆ.

"ಈ ವಯಸ್ಸಿಗೂ ಒಂದು ಸುಳ್ಳು ನೆಟ್ಟಗೆ ಹೇಳೋಕೆ ಬರಲ್ಲ ನಿಂಗೆ. ನಡಿ, ಬಂದಾಗಿದೆಯಲ್ಲ."

ಮೆಟ್ಟಿಲು ತುಂಬ ರಬ್ಬರಿನ ವಾಸನೆ. ಮೇಲೆ ಒಂದೇ ಕೋಣೆ. ಕಿಟಕಿ ಮುಚ್ಚಿ, ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದಿದ್ದಾಳೆ, ಹೊರಗಿನ ಸದ್ದು ಒಳಗೆ ಬರಬಾರದೆಂದು. ಮೇಜಿನ ಮೇಲೆ ಎರಡು ಪರದೆ, ಎರಡು ಸ್ಪೀಕರು, ಕಾಲಿಟ್ಟಲ್ಲೆಲ್ಲ ವೈರು. ಅಕ್ಕ ಗೋಡೆಯನ್ನೇ ನೋಡುತ್ತಿದ್ದಳು. "ನಾವು ಹೊದ್ಕೋತಿದ್ದ ರಜಾಯಿಗೆ ಮೊಳೆ ಹೊಡ್ದಿದ್ದಾಳಲ್ಲೇ," ಎಂದು ನನ್ನ ಕಿವಿಯಲ್ಲಿ ಗೊಣಗಿದಳು. ಆದರೆ ಬೈಗುಳದ ದನಿ ಅದಾಗಿರಲಿಲ್ಲ.

ಪಾಪು ಅಮ್ಮನನ್ನು ತನ್ನ ಕುರ್ಚಿಯಲ್ಲೇ, ಎರಡು ಸ್ಪೀಕರುಗಳ ನಡುವೆ ಕೂರಿಸಿದಳು. ಅವಳ ಕೈಯಿಂದ ಮೌಸು ಎರಡು ಸಲ ಜಾರಿ ಕೆಳಗೆ ಬಿತ್ತು. ಕೊನೆಗೆ ಶುರುವಾಯಿತು.

ಮೊದಲು ಪಿಟೀಲು, ಎಷ್ಟೋ ನಿಧಾನ ಮಾಡಿ ಎಳೆದದ್ದು. ಅದರ ಕೆಳಗಿನಿಂದ ಧಡ್, ಧಡ್ ಎಂದು ಎದೆಗೆ ತಟ್ಟುವ ಬೀಟು. ಆಮೇಲೆ ಅಕ್ಕನ ದನಿ. ಸಭೆಯ ಕೆಮ್ಮಿಲ್ಲ, ಕುರ್ಚಿ ಎಳೆದಾಡುವ ಸದ್ದಿಲ್ಲ, ದನಿಯೊಂದೇ. ಅಕ್ಕನ ಹಳೆಯ ದನಿಯನ್ನು ಅಷ್ಟು ಹತ್ತಿರದಿಂದ ಕೇಳಿ ನನ್ನ ಮೈ ಜುಮ್ಮೆಂದಿತು. ಮೆಲ್ಲಗೆ ಅಕ್ಕನ ಕಾಲಿನ ಕಡೆ ನೋಡಿದೆ. ಚಪ್ಪಲಿಯೊಳಗೆ ಹೆಬ್ಬೆರಳು ತಾಳ ಹಾಕುತ್ತಿತ್ತು! ಗೆದ್ದೆವು ಎಂದುಕೊಂಡೆ.

ಅಷ್ಟರಲ್ಲಿ ಆ ಉದ್ದನೆಯ ಸ್ವರ ಬಂತು. ಏರಿತು, ನಿಂತಿತು, ನಿಂತೇ ಇತ್ತು. ಕೂದಲೆಳೆಯಷ್ಟು ಬಿರುಕಿಲ್ಲದೆ ಹೋಗುತ್ತಲೇ ಇತ್ತು. ಅಕ್ಕನ ಹೆಬ್ಬೆರಳು ನಿಂತಿತು. ಕೈ ಗಂಟಲಿಗೆ ಹೋಯಿತು. ಸ್ವರ ಇನ್ನೂ ಮುಗಿದಿರಲಿಲ್ಲ, ಅವಳು ಎದ್ದು ನಿಂತಳು.

"ಇದು ನಾನಲ್ಲ."

"ಅಮ್ಮಾ, ಇದು ಪೂರ್ತಿ ನಿನ್ನದೇ ದನಿ. ಒಂದು ಚೂರೂ ಬೇರೆ ಯಾರ್ದೂ ಇಲ್ಲ."

"ಅದಕ್ಕೇ ಹೇಳಿದ್ದು, ನಾನಲ್ಲ ಅಂತ." ಶಾಲು ಎಳೆದು ಹೊದ್ದುಕೊಂಡು ಬಾಗಿಲು ತೆಗೆದು ಹೋಗೇಬಿಟ್ಟಳು. ಕೆಳಗೆ ಅವಳು ಆಟೋ ಕರೆಯುವ ಕೂಗು ಕೇಳಿಸಿತು. ನನಗಾಗಿ ಕಾಯಲೂ ಇಲ್ಲ.

ಪಾಪು ಹಾಡು ನಿಲ್ಲಿಸಿದಳು. ಆಮೇಲೆ, "ನೋಡಿದ್ಯಲ್ಲ ಚಿಕ್ಕಮ್ಮ. ನಾನೇನು ಮಾಡಿದ್ರೂ ಅಮ್ಮಂಗೆ ಹಿಡಿಸಲ್ಲ. ಕೋಣನ ಮುಂದೆ ಕಿನ್ನರಿ ಅಂತಾರಲ್ಲ, ಇಲ್ಲಿ ಕಿನ್ನರಿ ನುಡಿಸೋಕೆ ಹೊರಟ ಕೋಣನೇ ನಾನು ಅನ್ಸತ್ತೆ," ಎಂದಳು. "ನಾಳೆ ಹಾಲ್‌ನವರಿಗೆ ಫೋನ್ ಮಾಡಿ ಆಗಲ್ಲ ಅಂದ್ಬಿಡ್ತೀನಿ."

"ಹುಚ್ಚೀ, ಅವಸರ ಮಾಡ್ಬೇಡ."

"ಎಷ್ಟು ಕಷ್ಟಪಟ್ಟಿದ್ದೀನಿ ಗೊತ್ತಾ? ನೋಡಿಲ್ಲಿ." ಪರದೆಯ ಮೇಲೆ ನೀಲಿ ಗೀಟೊಂದು ಏರುತ್ತ ಇಳಿಯುತ್ತ ಹೋಗಿತ್ತು. ಅದು ಅಕ್ಕನ ದನಿಯಂತೆ. "ಒಂದೇ ಮೈಕಲ್ಲಿ ಎಲ್ಲ ಒಟ್ಟಿಗೆ ರೆಕಾರ್ಡ್ ಆಗಿತ್ತು. ಅಮ್ಮ ಪಾಠ ಹೇಳ್ಕೊಟ್ಟ ಹಳೇ ಟೇಪೆಲ್ಲ ಕೇಳಿಸಿ, ಕಂಪ್ಯೂಟರಿಗೆ ಅಮ್ಮನ ದನಿಯ ಗುರುತು ಹಿಡಿಯೋದು ಕಲಿಸ್ದೆ. ಅದು ಅಮ್ಮನ್ನ ಮಾತ್ರ ಬೇರೆ ತೆಗೆದು ಕೊಡ್ತು. ಆದ್ರೆ ಆ ಉದ್ದ ಸ್ವರದಲ್ಲಿ ಮಷೀನ್ ಎಡವಿತ್ತು. ಇಲ್ಲಿ, ಇಲ್ಲಿ, ಇಲ್ಲಿ, ಬರೀ ತೂತು. ಅಕ್ಕಪಕ್ಕದ ದನೀನ ಎಳೆದು ಎಳೆದು ತೇಪೆ ಹಾಕ್ದೆ. ವಾರಗಟ್ಟಲೆ ಕೂತು ಮಾಡಿದ್ದೀನಿ. ತೇಪೆ ಎಲ್ಲಿದೆ ಅಂತ ನನಗೇ ಗೊತ್ತಾಗಲ್ಲ ಈಗ."

ನನಗೆ ಗೊತ್ತಾಗುತ್ತಿತ್ತು. ಅವಳು ಬೆರಳಿಟ್ಟು ತೋರಿಸಿದ ಒಂದೊಂದು ಜಾಗವೂ ನನಗೆ ಗೊತ್ತಿತ್ತು.

"ಅಮ್ಮನ್ನ ತೆಗೆದ ಮೇಲೆ ಮಿಕ್ಕಿದ್ದು ಏನಾಯ್ತು?" ಎಂದು ಕೇಳಿದೆ.

"ಪಿಟೀಲು ತಗೊಂಡೆ. ಇನ್ನುಳಿದಿದ್ದು ಚೂರುಪಾರು. ಅದನ್ನೆಲ್ಲ ಒಂದು ಫೋಲ್ಡರಿಗೆ ಎಸ್ದಿದ್ದೀನಿ." ಮೂಲೆಯಲ್ಲಿದ್ದ ಆ ಫೋಲ್ಡರಿನ ಹೆಸರು ನನಗೂ ಓದಲು ಬಂತು. 'ಕಸ' ಎಂದಿತ್ತು.

ಈಗ ಹೇಳಿಬಿಡುತ್ತೇನೆ. ಒಂದೇ ಉಸಿರಿನಲ್ಲಿ ಅಷ್ಟು ಹೊತ್ತು ಹಾಡಲು ಯಾವ ಮನುಷ್ಯರಿಗೂ ಆಗುವುದಿಲ್ಲ. ಅಕ್ಕನಿಗೆ ಒಮ್ಮೆ ನೆಗಡಿಯಾಗಿತ್ತು, ಸ್ವರ ಹಿಡಿದ ನಡುವೆ ಗಾಳಿ ಮುಗಿಯಿತು, ಗಾಬರಿಯಲ್ಲಿ ನಾನು ಅದೇ ಸ್ವರಕ್ಕೆ ಸೇರಿಕೊಂಡೆ, ಅವಳು ಉಸಿರೆಳೆದುಕೊಂಡು ಮರಳಿ ಬಂದಳು, ನಾನು ಹಿಂದೆ ಸರಿದೆ. ಜನರಿಗೆ ಗೊತ್ತೇ ಆಗಲಿಲ್ಲ. ಅಕ್ಕತಂಗಿಯರ ದನಿ, ಫೋನಿನಲ್ಲಿ ಹಲೋ ಎಂದರೆ ನಮ್ಮ ಅಪ್ಪನೇ ಯಾರೆಂದು ತಬ್ಬಿಬ್ಬಾಗುತ್ತಿದ್ದರು. ಚಪ್ಪಾಳೆಯೋ ಚಪ್ಪಾಳೆ. ಮರುದಿನ ಪತ್ರಿಕೆಯಲ್ಲಿ 'ಒಂದೇ ಉಸಿರು' ಎಂದು ಬಂತು. ಮುಂದಿನ ಕಛೇರಿಗೆ ಜನ ಅದನ್ನೇ ಕೇಳಲು ಬಂದರು. ಮಾಡದೆ ಗತಿಯಿರಲಿಲ್ಲ.

ಆಮೇಲೆ ಅದೇ ನನ್ನ ಕೆಲಸವಾಯಿತು. ಅಕ್ಕನ ಕತ್ತಿನ ನರ ನೋಡುತ್ತ ಕೂರುವುದು. ಅದು ಉಬ್ಬಿ ಒಮ್ಮೆ ಅದುರಿದರೆ ಗಾಳಿ ಮುಗಿಯುತ್ತಿದೆ ಎಂದು ಅರ್ಥ. ಅವಳು ಬಿಡುವ ಮೊದಲೇ ಒಳಗೆ ಹೋಗಬೇಕು, ಅವಳು ಬಂದ ಮೇಲೆ ಹೊರಗೆ ಬರಬೇಕು. ಹೋಗಿದ್ದೂ ಗೊತ್ತಾಗಬಾರದು, ಬಂದಿದ್ದೂ ಗೊತ್ತಾಗಬಾರದು. ಈ ವಿಷಯ ನಾವು ಇಬ್ಬರೇ ಇದ್ದಾಗಲೂ ಮಾತಾಡಿದವರಲ್ಲ. ಮನೆಯ ಪಾಠದಲ್ಲಿ ಅಕ್ಕ ಆ ಸ್ವರವನ್ನು ಮುಟ್ಟುತ್ತಲೂ ಇರಲಿಲ್ಲ. ಪಾಪುವಿಗೆ ಎಲ್ಲಿಂದ ಗೊತ್ತಾಗಬೇಕು?

ಹೇಳಿಬಿಡೋಣ ಎಂದು ಮಾತು ತುಟಿಯವರೆಗೆ ಬಂತು. ಆದರೆ ಅದು ಅಕ್ಕನ ಮರ್ಯಾದೆ. ನನ್ನ ಬಾಯಿಂದ ಹೊರಡುವಂಥದ್ದಲ್ಲ. ನುಂಗಿಕೊಂಡೆ. ನುಂಗಿದ್ದು ಒಳಗೆ ಹೋಗಿ ಕೋಪವಾಯಿತು.

"ಕಸ ಅಂತೆ ಕಸ! ಏನಿದೆ ಅಂತ ನೋಡ್ದೆ ಕಸ ಅಂತ ಹೆಸರಿಡ್ತಾರೇನೇ ಯಾರಾದ್ರೂ?" ಎಂದು ಕಿರುಚಿ ನಾನೂ ಮೆಟ್ಟಿಲಿಳಿದೆ. ಪಾಪು ಬೆಪ್ಪಾಗಿ ನೋಡುತ್ತಿದ್ದಳು.

ಮನೆಗೆ ಬಂದಾಗ ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಹುರುಳಿಕಾಯಿ ಮುರಿಯುತ್ತಿದ್ದಳು. ಒಂದೊಂದು ಕಾಯಿಯ ಮೇಲೂ ಹಳೇ ದ್ವೇಷ ಇದ್ದ ಹಾಗೆ ಪಟಪಟ ಮುರಿಯುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗುಟ್ಟು ಹೊರಬಿತ್ತೆಂದು ಹೆದರಿ ಎದ್ದು ಬಂದಿದ್ದಾಳೆ ಎಂದು ನನ್ನ ಎಣಿಕೆ.

"ಹೆದರ್ಕೋಬೇಡ," ಎಂದೆ. "ಅವಳಿಗೇನೂ ಗೊತ್ತಾಗಿಲ್ಲ. ಮಷೀನ್ ಎಡವಿದೆ ಅಂದ್ಕೊಂಡಿದ್ದಾಳೆ. ನಿನ್ನ ಒಂದೇ ಉಸಿರು ಭದ್ರವಾಗಿದೆ."

ಅಕ್ಕ ಕಾಯಿ ಕೆಳಗಿಟ್ಟಳು. "ನಾನು ಅದಕ್ಕೆ ಎದ್ದು ಬಂದೆ ಅಂದ್ಕೊಂಡ್ಯಾ?"

"ಮತ್ತೆ? ಬೀಟು ಹಿಡಿಸ್ಲಿಲ್ವಾ?"

"ಬೀಟಿಗೇನು, ಚೆನ್ನಾಗೇ ಇತ್ತು. ಲಯ ಎಲ್ಲೂ ಬಿಟ್ಟಿಲ್ಲ ಹುಡುಗಿ." ಒಡಕು ದನಿಯಲ್ಲಿ ಅವಳು ನಿಧಾನವಾಗಿ ಹೇಳಿದಳು. "ನನ್ನ ಉಸಿರು ಎಲ್ಲಿ ಮುಗೀತಿತ್ತು ಅಂತ ನನಗೆ ಗೊತ್ತಿಲ್ವಾ? ಅಲ್ಲಿಗೆ ಬಂದಾಗೆಲ್ಲ ನಾನು ಬೀಳ್ತಿದ್ದೆ, ನೀನು ಹಿಡ್ಕೋತಿದ್ದೆ. ಇವತ್ತು ಆ ಜಾಗ ಬಂತು. ನೀನಿರ್ಲಿಲ್ಲ. ನಿನ್ನ ಒರೆಸಿ ಹಾಕಿ ಅಲ್ಲೂ ನನ್ನನ್ನೇ ತುರುಕಿದ್ದಾಳೆ. ನಾನು ಅದನ್ನ ಕೇಳಿ ಹೂಂ ಅಂದ್ಕೊಂಡು ಕೂತಿರ್ಬೇಕಿತ್ತಾ?"

ನಾನು ಕುರ್ಚಿ ಎಳೆದು ಕುಳಿತೆ. ಸುಧಾರಿಸಿಕೊಂಡು, "ಹಾಗಿದ್ರೆ ಅಲ್ಲೇ ಅವಳಿಗೆ ಹೇಳ್ಬೇಕಿತ್ತು," ಎಂದೆ.

"ಹೇಗೆ ಹೇಳ್ಲಿ? ಜನ ಒಂದೇ ಉಸಿರು ಅಂದಾಗೆಲ್ಲ ಕೈಮುಗಿದು ನಕ್ಕಿದ್ದೀನಿ. ಈಗ ಮಗಳ ಮುಂದೆ ಬಾಯಿ ಬಿಡ್ಬೇಕು ಅಂದ್ರೆ ನಾಲಿಗೆ ಏಳಲ್ಲ ಕಣೇ."

ಅಷ್ಟು ಸಾಕಾಯಿತು ನನಗೆ. "ನಿನ್ನ ನಾಲಿಗೆ ಏಳೋವರ್ಗೂ ನಾನು ಕಸದ ಬುಟ್ಟೀಲಿ ಬಿದ್ದಿರ್ಬೇಕಾ? ನನ್ನ ದನಿಗೆ ಅವಳು ಕಸ ಅಂತ ಹೆಸರಿಟ್ಟಿದ್ದಾಳೆ, ಗೊತ್ತಾ? ಅವಳು ಹೋಗ್ಲಿ, ಏನೂ ಅರೀದೋಳು. ನೀನು? ನಿನ್ನ ದನಿ ಚೆನ್ನಾಗಿದೆ ಕಣೇ ಅಂತ ಒಂದು ದಿನ, ಒಂದೇ ಒಂದು ದಿನ ಅಂದಿದ್ಯಾ?" ನಾನು ಮೇಜಿಗೆ ಗುದ್ದಿದೆ. ಹುರುಳಿಕಾಯಿ ನೆಲದ ತುಂಬ ಚೆಲ್ಲಿತು.

ಅಕ್ಕ ಬೈಯಲಿಲ್ಲ. ನನ್ನನ್ನೇ ನೋಡಿದಳು.

"ನಿನ್ನ ದನಿ ನಾನು ಕೇಳಿದ್ದು ಯಾವಾಗ, ನೀನೇ ಹೇಳು. ನೀನು ಹಾಡೋವಾಗ ನಾನು ಗಾಳಿ ಎಳ್ಕೋತಿದ್ದೆ, ಕಿವಿ ಗುಂಯ್ ಅಂತಿತ್ತು. ಮಿಕ್ಕ ಹೊತ್ತು ನಾನೇ ಹಾಡ್ತಿದ್ದೆ. ಕ್ಯಾಸೆಟ್ ಹಾಕಿ ಕೇಳೋಣ ಅಂದ್ರೆ ನನ್ನ ತಪ್ಪೇ ಕಿವಿಗೆ ಬೀಳತ್ತೆ ಅಂತ ಯಾವತ್ತೂ ಕೇಳ್ದೋಳಲ್ಲ. ನಿನ್ನ ದನಿ ಹೇಗಿದೆ ಅಂತ ನನಗೆ ಗೊತ್ತೇ ಇಲ್ಲ."

ಇಂಥ ಮಾತಿಗೆ ಜಗಳವಾಡುವುದಾದರೂ ಹೇಗೆ? ಇಬ್ಬರೂ ನೆಲದ ಮೇಲೆ ಕುಳಿತು ಕಾಯಿ ಆರಿಸಿದೆವು.

ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಅಕ್ಕ ಶಾಲು ಹೊದ್ದು, ಚಪ್ಪಲಿ ಹಾಕಿಕೊಂಡು ಬಚ್ಚಲಿನ ಬಾಗಿಲಿಗೆ ಬಂದು ನಿಂತಳು. "ಬೇಗ ಮುಗಿಸು. ಟೈರ್ ಅಂಗಡಿಗೆ ಹೋಗ್ಬೇಕು."

ಬಾಗಿಲು ತೆಗೆದ ಪಾಪುವಿನ ಕಣ್ಣು ಊದಿಕೊಂಡಿತ್ತು. ಅಕ್ಕ ಕೂರಲಿಲ್ಲ. ಕೂತರೆ ಧೈರ್ಯ ಹೋದೀತೆಂದು ಕಾಣುತ್ತದೆ.

"ಹಾಲ್‌ನವರಿಗೆ ಇನ್ನೂ ಫೋನ್ ಮಾಡಿಲ್ಲ ತಾನೇ?"

"ಇಲ್ಲ. ಹತ್ತು ಗಂಟೆ ಮೇಲೆ ಮಾಡೋಣ ಅಂತ..."

"ಮಾಡ್ಬೇಡ. ಕೇಳಿಲ್ಲಿ. ನೀನು ತೇಪೆ ಹಾಕಿದ್ಯಲ್ಲ, ಆ ತೂತು ಮಷೀನ್ ತಪ್ಪಲ್ಲ. ನನ್ನ ಉಸಿರು ಅಲ್ಲಿಗೇ ಮುಗೀತಿತ್ತು. ಅಲ್ಲೆಲ್ಲ ಹಾಡಿರೋದು ನಿನ್ನ ಚಿಕ್ಕಮ್ಮ. ಜನ ಒಂದೇ ಉಸಿರು ಅಂದ್ರು, ನಾನು ಅಲ್ಲ ಅನ್ನಲಿಲ್ಲ. ಇಷ್ಟೇ ವಿಷಯ."

ಪಾಪು ಮೆಲ್ಲಗೆ ಕುರ್ಚಿ ಹಿಡಿದು ಕುಳಿತಳು. ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅವಳು ಕಂಪ್ಯೂಟರಿನ ಬಗ್ಗೆ ಏನೋ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ.

"ಅಮ್ಮಾ, ನಾನು ಹಾಡೋದು ಯಾಕೆ ಬಿಟ್ಟೆ ಗೊತ್ತಾ?"

"ನಿನಗೆ ಈ ಗುಂಡಿ..."

"ಅಲ್ಲ. ಆ ಸ್ವರಕ್ಕೆ. ನೀವಿಬ್ರೂ ಕಛೇರಿಗೆ ಹೋದಾಗ ಬಾಗಿಲು ಹಾಕ್ಕೊಂಡು ಹಿಡೀತಿದ್ದೆ. ಎಷ್ಟು ಮಾಡಿದ್ರೂ ಒಂದೇ ಉಸಿರಲ್ಲಿ ಬರ್ತಿರ್ಲಿಲ್ಲ. ತಲೆ ಸುತ್ತಿ ಮಂಚದ ಮೇಲೆ ಬಿದ್ದಿದ್ದೀನಿ. ನಿನ್ನ ಮಗಳಾಗಿ ನನಗೆ ಇಷ್ಟೂ ಆಗಲ್ವಲ್ಲ, ನನ್ನಲ್ಲೇ ಏನೋ ಕಮ್ಮಿ ಅಂತ ಬಿಟ್ಬಿಟ್ಟೆ."

"ಅಯ್ಯೋ ನನ್ನ ಕಂದಾ," ಎಂದು ಅಕ್ಕ ಕೂಗಿದಳು, "ನನಗೂ ಬರ್ತಿರ್ಲಿಲ್ಲ ಕಣೇ!"

ಕೂಗು ಅರ್ಧದಲ್ಲೇ ಒಡೆದು ಕೆಮ್ಮಾಯಿತು. ಅಕ್ಕ ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಇಬ್ಬರೂ ಅಳುತ್ತಿದ್ದರು. ಇಬ್ಬರು ಅಳುವಾಗ ನಾನೊಬ್ಬಳು ಏನು ಮಾಡಲಿ? ನಾನೂ ಅತ್ತೆ, ಅವರಿಗಿಂತ ಜೋರಾಗಿಯೇ ಅತ್ತೆ.

ಮೂಗು ಒರೆಸಿಕೊಂಡು ಪಾಪು ಆ ಫೋಲ್ಡರು ತೆಗೆದಳು. ಪುಣ್ಯಕ್ಕೆ ಎಲ್ಲ ಹಾಗೇ ಇತ್ತು. ನನ್ನ ದನಿಯ ಗುರುತನ್ನೂ ಕಂಪ್ಯೂಟರಿಗೆ ಹಿಡಿಸಬೇಕು, ಏನಾದರೂ ಮಾತಾಡು ಚಿಕ್ಕಮ್ಮ ಎಂದು ಮೈಕು ಮುಂದೆ ತಂದಳು. ಏನು ಮಾತಾಡಲಿ? ತಾಯಿಗೆ ಮಗಳ ಮೇಲಿನ ಸಿಟ್ಟು, ಮಗಳಿಗೆ ತಾಯಿಯ ಮೇಲಿನ ಸಿಟ್ಟು, ಎರಡನ್ನೂ ಹೊತ್ತು ನನ್ನ ಬೆನ್ನು ಬಾಗಿದ ಕಥೆ, ಎಲ್ಲ ಹೇಳಿ ಇಬ್ಬರನ್ನೂ ಚೆನ್ನಾಗಿ ಬೈದೆ. "ಸಾಕು, ಸಾಕು, ಗುರುತು ಸಿಕ್ತು," ಎಂದು ಪಾಪು ಕೈ ಮುಗಿದಳು. ಅಕ್ಕ ನಗುತ್ತಿದ್ದಳು.

ಕಂಪ್ಯೂಟರು ತನ್ನ ಪಾಡಿಗೆ ಆ ಕಸವನ್ನೆಲ್ಲ ಜಾಲಿಸಿತು. ನಾವು ಚಹಾ ಕುಡಿದೆವು. ಆಮೇಲೆ ಪಾಪು, ಅಮ್ಮನದ್ದನ್ನು ಪೂರ್ತಿ ನಿಲ್ಲಿಸಿ, ನನ್ನದನ್ನು ಮಾತ್ರ ಹಾಕಿದಳು.

ಹೆಚ್ಚಿನ ಹೊತ್ತು ಏನೂ ಇಲ್ಲ, ಬರಿ ಮೌನ. ಆಮೇಲೆ ಎಲ್ಲಿಂದಲೋ ಮೆಲ್ಲಗೆ ಒಂದು ದನಿ ಬಂದು, ಸ್ವರವನ್ನು ಒಂದಿಷ್ಟು ದೂರ ಹೊತ್ತು, ಮೆಲ್ಲಗೆ ಇಲ್ಲವಾಗುತ್ತಿತ್ತು. ಮತ್ತೆ ಮೌನ. ಮತ್ತೆ ಒಂದು ಚೂರು. ನನ್ನನ್ನು ನಾನೂ ಕೇಳಿದ್ದು ಅದೇ ಮೊದಲು. ಅಕ್ಕ ಕಣ್ಣು ಮುಚ್ಚಿ ಕುಳಿತಿದ್ದಳು. ಮುಗಿದ ಮೇಲೂ ತೆರೆಯಲಿಲ್ಲ.

"ಮೂರನೇದು ಒಂಚೂರು ಇಳಿದಿದೆ," ಎಂದಳು.

ನನಗೆ ರೇಗಿತು. ಬಾಯಿ ತೆರೆಯುವಷ್ಟರಲ್ಲಿ ಅವಳ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಬಿಗಿಯಾಗಿ ಹಿಡಿಯಿತು.

"ಇಷ್ಟು ವರ್ಷ ಇದು ನನ್ನ ಪಕ್ಕದಲ್ಲೇ ಇತ್ತಾ? ಎಷ್ಟು ಚೆನ್ನಾಗಿದೆಯೇ. ದರಿದ್ರದೋಳೇ, ಎಷ್ಟು ಚೆನ್ನಾಗಿದೆ!"

ಪಾಪು ಆಗಲೇ ಎದ್ದು ಓಡಾಡಲು ಶುರು ಮಾಡಿದ್ದಳು. ತೇಪೆಯನ್ನೆಲ್ಲ ಕಿತ್ತು ಹಾಕುತ್ತಾಳಂತೆ. ಹಾಲ್‌ನಲ್ಲಿ ಅಮ್ಮನ ದನಿ ಆ ಗೋಡೆಯಿಂದ, ಚಿಕ್ಕಮ್ಮನ ದನಿ ಈ ಗೋಡೆಯಿಂದ ಬರಬೇಕಂತೆ, ನಡುವೆ ಕುಳಿತವರ ತಲೆಯ ಮೇಲೆ ಸ್ವರ ಆಚೆಗೂ ಈಚೆಗೂ ದಾಟಬೇಕಂತೆ. ಅಕ್ಕ ಎಲ್ಲ ಕೇಳಿದಳು.

"ಇವಳದ್ದು ಬರೀ ಚೂರುಗಳೇ ಆಯ್ತಲ್ಲ," ಎಂದಳು. "ಒಂದು ಸಾಲಾದ್ರೂ ಪೂರ್ತಿ ಇರ್ಬೇಕು. ಹಾಡಿಸು ಅವಳ ಕೈಲಿ. ಈಗಲೇ."

"ನಿಂಗೆ ತಲೆ ಕೆಟ್ಟಿದ್ಯಾ?" ಎಂದೆ. "ಬಾಯಿ ಬಿಟ್ಟು ಎಷ್ಟು ವರ್ಷ ಆಯ್ತು. ನನ್ನ ವಯಸ್ಸೇನು?"

"ನನಗಿಂತ ಚಿಕ್ಕೋಳು ತಾನೇ? ನಿಂತ್ಕೋ."

ಮೈಕಿನ ಮುಂದೆ ನಿಂತೆ. ಪಾಪು ಕಿವಿಗೆ ಹೆಡ್‌ಫೋನ್ ಹಾಕಿದಳು, ಶ್ರುತಿ ಬಿಟ್ಟಳು, ಬೆರಳೆತ್ತಿ ಸನ್ನೆ ಮಾಡಿದಳು. ನಾನು ನಿಂತೇ ಇದ್ದೆ.

"ಯಾಕೆ ಸುಮ್ನೆ ನಿಂತಿದ್ದೀಯ?" ಎಂದಳು ಅಕ್ಕ.

"ನೀನು ಶುರು ಮಾಡ್ತೀಯ ಅಂತ ಕಾಯ್ತಿದ್ದೀನಿ."

ಇದು ತಮಾಷೆಯ ಮಾತಲ್ಲ. ಹಾಡನ್ನು ನಾನು ಯಾವತ್ತೂ ಶುರು ಮಾಡಿದವಳೇ ಅಲ್ಲ. ನಡುವೆ ಸೇರುವುದು ಗೊತ್ತು, ನಡುವೆ ಬಿಡುವುದು ಗೊತ್ತು. ಯಾರೂ ಹಾಡದೆ ಇರುವ ಕೋಣೆಯಲ್ಲಿ ಮೊದಲ ಸ್ವರ ಇಡುವುದು ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಅದು ಅರ್ಥವಾಯಿತು. ಅವಳು ನಗಲಿಲ್ಲ. "ನಾನು ಮಾಡಲ್ಲ," ಎಂದಳು ಮೆತ್ತಗೆ. "ಇವತ್ತು ನಾನು ಕೇಳೋಕೆ ಬಂದಿರೋದು."

ಶುರು ಮಾಡಿದೆ. ದನಿ ಮೊದಲು ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿತು. ಎರಡನೆಯ ಸಲಕ್ಕೆ ಸಡಿಲವಾಯಿತು. ಸಾಲು ಏರುತ್ತ ಹೋಯಿತು, ನಾನೂ ಹೋದೆ, ಮೇಲಿನ ಆ ಸ್ವರ ಸಿಕ್ಕಿತು, ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಎದೆ ಬಿಗಿಯಿತು. ಗಾಳಿ ಮುಗಿಯುತ್ತಿದೆ ಎಂದು ಗೊತ್ತಾಯಿತು. ಹಿಡಿದುಕೊಳ್ಳುವವರು ಯಾರೂ ಇಲ್ಲ ಎಂದೂ ಗೊತ್ತಾಯಿತು. ಸ್ವರ ಕಡಿದು ಬಿತ್ತು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬದುಕಿಡೀ ಇನ್ನೊಬ್ಬಳ ಉಸಿರು ಕಡಿಯದಂತೆ ನೋಡಿಕೊಂಡವಳು ನಾನು, ನನ್ನದೇ ಹೀಗೆ ಎಲ್ಲರೆದುರು ಕಡಿಯಿತಲ್ಲ ಎಂದು ಹೆಡ್‌ಫೋನ್ ಕಳಚಲು ಕೈ ಎತ್ತಿದೆ.

"ಉಸಿರು ತಗೋ," ಎಂದಳು ಅಕ್ಕ. "ನಾವೆಲ್ಲೂ ಹೋಗಲ್ಲ. ಕಾಯ್ತೀವಿ."

ಪಾಪು ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಇಬ್ಬರೂ ಅಲ್ಲಾಡದೆ ಕುಳಿತಿದ್ದರು. ನನಗಾಗಿ ಯಾರಾದರೂ ಕಾದಿದ್ದು ನನಗೆ ನೆನಪಿಲ್ಲ. ಕಾಯುವ ಕೆಲಸ ಯಾವಾಗಲೂ ನನ್ನದೇ ಆಗಿತ್ತು. ಹೊಟ್ಟೆ ತುಂಬ ಉಸಿರೆಳೆದುಕೊಂಡೆ, ಸದ್ದಾಗುವ ಹಾಗೆ, ನಾಚಿಕೆಯಿಲ್ಲದೆ. ಅದೇ ಸ್ವರದಿಂದ ಎತ್ತಿಕೊಂಡು ಸಾಲಿನ ಕೊನೆಯವರೆಗೆ ಹಾಡಿದೆ.

ಮುಗಿದ ಮೇಲೆ ಪಾಪು ಅಮ್ಮನನ್ನು ಕೇಳಿದಳು: "ಆ ಖಾಲಿ ಜಾಗ ಏನ್ಮಾಡ್ಲಿ?"

"ಮುಟ್ಟಿದ್ರೆ ಕೈ ಮುರೀತೀನಿ."

"ಉಸಿರೆಳೆದ ಸದ್ದು?"

"ಅದೂ ಇರ್ಲಿ. ಜೋರಾಗೇ ಇರ್ಲಿ."

"ಹಾಗಾದ್ರೆ ಹೂಂ ಅಂತೀಯಾ ಅಮ್ಮಾ? ಹಾಲ್‌ನವರಿಗೆ ಹೇಳ್ಲಾ?"

"ನನ್ನದು ಹೂಂ ಕಣೇ. ಯಾವಾಗಲೋ ಆಯ್ತು." ಅಕ್ಕ ಶಾಲು ಸರಿಮಾಡಿಕೊಂಡಳು. "ಆದ್ರೆ ಹಾಡಿರೋರು ಇಬ್ರು. ಇನ್ನೊಬ್ಬಳನ್ನ ಕೇಳಿದ್ಯಾ?"

ತಾಯಿ ಮಗಳು ಇಬ್ಬರೂ ನನ್ನ ಕಡೆ ತಿರುಗಿದರು. ಪಾಪು ಎದ್ದು ನನ್ನ ಮುಂದೆ ಬಂದು ನಿಂತಳು, ಸಭಾಂಗಣದಲ್ಲಿ ದೊಡ್ಡವರ ಮುಂದೆ ನಿಲ್ಲುತ್ತಾರಲ್ಲ ಹಾಗೆ.

"ಚಿಕ್ಕಮ್ಮ, ನಿನ್ನ ದನಿ ತಗೋಬಹುದಾ?"

ಇವರಿಬ್ಬರ ಹೂಂ, ಊಹೂಂ ಹೊತ್ತು ತಿರುಗಿದ ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ. ಏನಾದರೂ ಬೈದುಬಿಡೋಣ ಎಂದು ನೋಡಿದೆ. ಕೋಪ ಬರಲಿಲ್ಲ.

"ಹೂಂ," ಎಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅದಕ್ಕೆ ಮೈಕಿನ ಹತ್ತಿರ ಬಾಯಿಟ್ಟು ಇನ್ನೊಮ್ಮೆ, ಗಟ್ಟಿಯಾಗಿ, ಹೂಂ ಎಂದೆ.